ಬಾವಿಕಟ್ಟೆಯಿಂದ ಏಳುವುದಿಲ್ಲ

ಸೊಣ್ಣಪ್ಪಣ್ಣಾ,

ಸಾರು ಬಿಸಿ ಮಾಡಿಕೊಂಡು ಉಣ್ಣು. ಬೇಳೆ ಬೆಂದಿಲ್ಲ ಅಂತ ಕೂಗಾಡಬೇಡ, ನೀನು ಹಾಕಿಸಿದ ನಲ್ಲಿಯ ಗಡಸು ನೀರಿನಲ್ಲಿ ಎರಡು ಗಂಟೆ ಕುದಿಸಿದ್ದೇನೆ. ನಿನ್ನ ಅಂಗಿಗೂ ಸೋಪು ನೊರೆ ಬರಲಿಲ್ಲ, ಹಾಗೇ ಒಣಗಿಹಾಕಿದ್ದೇನೆ.

ನಲ್ಲಿ ಬಂತೆಂದು ಬಾವಿ ಮುಚ್ಚಿ ಶೆಡ್ಡು ಕಟ್ಟಿಸಲು ಹೊರಟಿದ್ದೀಯಲ್ಲ, ಬೆಳಿಗ್ಗೆ ಮಣ್ಣಿನ ಲಾರಿ ಬಂದಿತ್ತು.

"ನಿಮ್ಮಣ್ಣನೇ ಯೋಳವ್ರೆ ಕಣಮ್ಮಾ" ಅಂದ ಡ್ರೈವರ್.

"ಊರಿಗೆಲ್ಲ ಇರೋ ಸಿಹಿನೀರು ಇದೊಂದೇ. ಸುರಿಯೋದಾದ್ರೆ ಮೊದ್ಲು ನನ್ ಮೇಲೆ ಸುರಿಯಪ್ಪಾ" ಅಂದೆ. ಲಾರಿ ಹಿಂದಕ್ಕೆ ತಿರುಗಿಸಿಕೊಂಡು ಹೋದ.

ಸಂಜೆ ಮತ್ತೆ ಬರುತ್ತಾನಂತೆ. ನಾನೂ ಬೀದಿಯ ಹೆಂಗಸರೂ ಬಾವಿಕಟ್ಟೆಯ ಮೇಲೆ ಕೂತಿರುತ್ತೇವೆ. ನೀನು ಎಬ್ಬಿಸಲು ಬರುವುದಾದರೆ ಅಮ್ಮನನ್ನು ಕೇಳಿಕೊಂಡು ಬಾ. ಆ ಬಾವಿ ತೋಡುವಾಗ ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಣ್ಣು ಹೊತ್ತವಳು ಅವಳು.

ಅನುಸೂಯ