ಬರೆದುಕೊಡಲಾಗದ ಮಾತು

ಅಜ್ಜಂಪುರ
ಬುಧವಾರ

ಮಾನ್ಯ ಓಂಕಾರಪ್ಪನವರಿಗೆ ನಿಮ್ಮ ಬಾಡಿಗೆ ಮನೆಯ ದೇವೀರಮ್ಮನ ನಮಸ್ಕಾರಗಳು.

"ಇನ್ಮೇಲೆ ಮನೇಲಿ ಪ್ರಾರ್ಥನೆ ಮಾಡಲ್ಲ, ಯೇಸು ವಿಷಯ ಯಾರಿಗೂ ಹೇಳಲ್ಲ ಅಂತ ಬರೆದುಕೊಡು, ಇಲ್ದಿದ್ರೆ ಖಾಲಿ ಮಾಡು" ಎಂದು ನೀವು ತರೀಕೆರೆಯಿಂದ ಫೋನ್ ಮಾಡಿದ್ದಿರಿ. ಕಳೆದ ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಮನೆಗೆ ನುಗ್ಗಿದವರು ನಮ್ಮ ಬೈಬಲ್ ಹರಿದರು, ನಮ್ಮ ಯಜಮಾನರ ಕೈ ಮುರಿದರು. ಕಿಟಕಿಯ ಗಾಜೂ ಒಡೆದಿತ್ತು, ಅದನ್ನು ಹಾಕಿಸಿದ್ದೇನೆ. ನಿಮಗೆ ಭಯವಾಗಿರುವುದು ನನಗೆ ಅರ್ಥವಾಗುತ್ತದೆ.

ನಿನ್ನೆ, ಹೊಡೆದವರಲ್ಲಿ ಒಬ್ಬನ ವಯಸ್ಸಾದ ತಾಯಿ ಮನೆಗೆ ಬಂದಿದ್ದರು. ಹೆಸರು ಬರೆಯುವುದಿಲ್ಲ. "ನನ್ ಮಗನಿಗೆ ಶಾಪ ಹಾಕ್ಬೇಡ ಕಣವ್ವ" ಎಂದು ನನ್ನ ಕೈ ಹಿಡಿದುಕೊಂಡರು.

"ಶಾಪ ಹಾಕಲ್ಲ ಕಣಮ್ಮ, ದಿನಾ ಅವನ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀವಿ" ಎಂದೆ.

ಅವರು ನನ್ನ ಕೈ ಬಿಡದೆ, "ಹೊಡೆದೋರಿಗೂ ಒಳ್ಳೇದು ಕೇಳಿ ಅಂತ ನಿಮ್ಗೆ ಯಾರು ಹೇಳ್ಕೊಟ್ಟಿದ್ದು?" ಎಂದರು. ನಾನು ಯೇಸುವಿನ ಕಥೆಯನ್ನು, ತನ್ನನ್ನು ಶಿಲುಬೆಗೆ ಹೊಡೆದವರನ್ನು ಕ್ಷಮಿಸೆಂದು ಆತ ದೇವರನ್ನು ಬೇಡಿಕೊಂಡವರೆಗೂ ಹೇಳಿದೆ.

ಮುಂದೆ ಯಾರು ಕೇಳಿದರೂ ಹೇಳುತ್ತೇನೆ. ಆದ್ದರಿಂದ ನೀವು ಕೇಳಿದ್ದನ್ನು ಬರೆದುಕೊಡಲಾರೆ. ಈ ಶನಿವಾರವೇ ಮನೆ ಬಿಡುತ್ತೇವೆ. ಬೀರೂರು ರಸ್ತೆಯಲ್ಲಿ ಇಟ್ಟಿಗೆ ಗೂಡಿನ ಹಿಂದೆ ಒಂದು ತಗಡಿನ ಶೆಡ್ ಸಿಕ್ಕಿದೆ. ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿರುತ್ತೇನೆ.

ಒಂದು ಉಪಕಾರ ಮಾಡಬೇಕು. ಬರುವ ಭಾನುವಾರ ನೀವು ಮನೆ ನೋಡಲು ಬಂದಾಗ ವಯಸ್ಸಾದ ಹೆಂಗಸೊಬ್ಬರು ನಮ್ಮನ್ನು ಕೇಳಿಕೊಂಡು ಬರಬಹುದು. ದಯವಿಟ್ಟು ಅವರಿಗೆ ಶೆಡ್ಡಿನ ದಾರಿ ತೋರಿಸಿ. ಪ್ರಾರ್ಥನೆ ಹತ್ತು ಗಂಟೆಗೆ.

ನಿಮ್ಮ ಮನೆಯಲ್ಲಿ ಆರು ವರ್ಷ ಬಾಳಿದ,
ದೇವೀರಮ್ಮ