ಕಿಟಕಿಯ ಮುಂದಿನ ಮೂರು ಮನೆ

ಸವದತ್ತಿ
ಸೋಮವಾರ, 17 ಫೆಬ್ರುವರಿ 2025

ಪ್ರೀತಿಯ ಅನ್ನಪೂರ್ಣಾ,

ನೀನು ನಕ್ಷೆ ಹಾಕಿದ ಕಲಾಭವನದಲ್ಲಿ ಗುಡ್ಡದ ಕೋಟೆಯ ಕಡೆಗಿರುವ ದೊಡ್ಡ ಕಿಟಕಿಗೆ ಇವತ್ತು ಬೆಳಿಗ್ಗೆ ಗಾಜು ಕೂರಿಸಿದರು. ಸುದ್ದಿ ತಂದವರು ಪಕ್ಕದ ಮನೆಯ ದುರ್ಗಪ್ಪ ಕಾಕಾ. ಒಳಗೆ ನಿಂತು ನೋಡಿ ಬಂದು, “ಕ್ವಾಟಿ ಅರ್ಧಾನೂ ಕಾಣವಲ್ದು. ನಿಮ್ಮಮ್ಮಿ ಒಣಾಕ ಹಾಕಿದ ಸೀರಿ ಮಾತ್ರ ಭಾಳ ಚಂದ ಕಾಣತಾವ ನೋಡವಾ,” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಕಲಾಭವನ ಮುಗಿದ ಮೇಲೆ ಹೇಗೆ ಕಾಣುತ್ತದೆಂದು ನೀನು ಬರೆದ ಚಿತ್ರವನ್ನು ನಿನ್ನೆಯ ಪತ್ರಿಕೆಯಲ್ಲಿ ನೋಡಿದ್ದೆ. ಅದೇ ಕಿಟಕಿ. ಆಚೆಗೆ ಬುಡದಿಂದ ಬುರುಜಿನವರೆಗೆ ಇಡೀ ಕೋಟೆ. ನಡುವೆ ಇರಬೇಕಾದ ಮೂರು ಮನೆಗಳಿಲ್ಲ: ನಮ್ಮದು, ದುರ್ಗಪ್ಪ ಕಾಕಾನದು, ಭೀಮಶಿಯವರದು. ಕಾಕಾಗೆ ತೋರಿಸಿದೆ. “ಮನೀನ ಇಲ್ಲಂದ್ರ ಕರೆಂಟ್ ಬಿಲ್ಲೂ ಬರಂಗಿಲ್ಲ ಬಿಡು,” ಎಂದರು.

ಚಿತ್ರದ ಕೆಳಗೆ ನಿನ್ನ ಮಾತೂ ಇತ್ತು. ಈ ಊರಿನಲ್ಲಿ ಕಟ್ಟುವವರಿಗೆ ಗುಡ್ಡವೇ ಗುರು ಎಂದು. ಕಲಾಭವನದ ಒರಟು ಕಲ್ಲು ಕೋಟೆಯಿಂದ ಬಂತು, ಸಪಾಟು ಮಾಳಿಗೆ ಮತ್ತು ಬೆಳಕಿಂಡಿ ಹಳೆಯ ಮಣ್ಣಿನ ಮನೆಗಳಿಂದ ಬಂದವು ಎಂದು ಹೇಳಿದ್ದೀಯ. ಸರಿಯಾಗಿಯೇ ಹೇಳಿದ್ದೀಯ. ಕಟ್ಟಡ ಚೆನ್ನಾಗಿದೆ, ನಡುಮಧ್ಯಾಹ್ನವೂ ಒಳಗೆ ತಂಪು. ಆದರೆ ಯಾವ ಮನೆಯ ಬೆಳಕಿಂಡಿ ಎಂದು ಹೇಳಲಿಲ್ಲ. ಚಿಕ್ಕವಳಿದ್ದಾಗ ನೀನು ಮೇಲಿನಿಂದ ಮೊದಲು ತಲೆ ತೂರಿಸಿದ್ದು ನಮ್ಮ ಅಡುಗೆಮನೆಯದರಲ್ಲಿ. “ಏ ಅನ್ನಪೂರ್ಣಾ, ರೊಟ್ಟಿ ಮ್ಯಾಲ ಮಣ್ಣ ಬೀಳಾಕತ್ತೈತಿ, ಕೆಳಗ ಇಳಿ!” ಎಂದು ಅಮ್ಮಿ ಕೂಗುತ್ತಿದ್ದಳು. ಕೋಟೆಯನ್ನು ನೋಡುತ್ತ ನೀನು ಚಿತ್ರ ಬರೆಯಲು ಕಲಿತದ್ದೂ ಅದೇ ಮಾಳಿಗೆಯ ಮೇಲೆ. ಅಲ್ಲಿಂದ ಕಂಡದ್ದನ್ನು ಊರಿಗೆಲ್ಲ ತೋರಿಸಲು ಕಿಟಕಿ ಇಟ್ಟಿದ್ದೀಯ. ಆ ಕಿಟಕಿಗೆ ಈಗ ನಮ್ಮ ಮಾಳಿಗೆಯೇ ಅಡ್ಡ.

ನಿನಗೆ ಗೊತ್ತಿರುವ ಸಂಗತಿಯನ್ನೇ ಮತ್ತೆ ಬರೆಯುತ್ತೇನೆ. ಮನೆ ನಮ್ಮದು, ಕೆಳಗಿನ ನೆಲ ಕಲಾಭವನ ಸಮಿತಿಯದು. ಗುತ್ತಿಗೆ ಮಾರ್ಚ್ ಕೊನೆಗೆ ಮುಗಿಯುತ್ತದೆ. ಪ್ರತಿ ಸಲ ಅಬ್ಬಾ ಹೋಗಿ ಕೇಳಿದ ದಿನವೇ ಮುಂದುವರಿಸುತ್ತಿದ್ದರು. ಈ ಸಲ ಕಾರ್ಯದರ್ಶಿ ಬಸಲಿಂಗಪ್ಪನವರು, “ಅದಕ್ಯಾಕ ಅವಸರ ಮಾಡ್ತೀರಿ ಹಜರತಸಾಬ್ರ? ಮೊದಲ ಉದ್ಘಾಟನಿ ಆಗಲಿ ತಡೀರಿ,” ಎಂದು ಚಹಾ ಕುಡಿಸಿ ಕಳಿಸಿದರು. ಇದಕ್ಕೂ ಮೊದಲು ಅವರು ಎಂದೂ ಅಬ್ಬಾಗೆ ಚಹಾ ಕುಡಿಸಿದ್ದಿಲ್ಲ.

ಮನೆಗಳನ್ನು ಏಕೆ ಬಿಟ್ಟೆ ಎಂದು ನಿನ್ನೆ ಫೋನಿನಲ್ಲಿ ಕೇಳಿದಾಗ ನೀನು, “ಹಾಳ್ಯಾಗ ಜಾಗಾ ಸಾಲಲಿಲ್ಲ, ಅದಕ್ಕ ಬಿಟ್ಟೇನಿ. ನೀ ಯಾವಾಗ ಪೊಲೀಸ್ ಆದಿ?” ಎಂದು ನಕ್ಕೆ. ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ನೀನು ಹೇಳಿದ್ದರಿಂದ ನಂಬಲು ನೋಡುತ್ತಿದ್ದೇನೆ.

ಅಬ್ಬಾ ಆ ಚಿತ್ರವನ್ನು ಕತ್ತರಿಸಿ ಪಡಸಾಲೆಯ ಗೋಡೆಗೆ ಹಚ್ಚಿದ್ದಾರೆ. ಬಂದವರಿಗೆಲ್ಲ, “ನಮ್ಮ ಹುಡುಗಿ ಕಟ್ಟಿಸಿದ್ದು ನೋಡ್ರಿ,” ಎನ್ನುತ್ತಾರೆ. ತಮ್ಮ ಮನೆ ಅದರಲ್ಲಿಲ್ಲ ಎಂಬುದನ್ನು ಗಮನಿಸಿಲ್ಲ. ನಾನೂ ಹೇಳಿಲ್ಲ.

ತಮ್ಮ ಅಲ್ತಮಶ ನಾಳೆ ಬೈಲಹೊಂಗಲಕ್ಕೆ ಬರುತ್ತಾನೆ. ಈ ಪತ್ರವನ್ನು ನಿನ್ನ ಆಫೀಸಿಗೇ ತಂದು ಕೊಡುತ್ತಾನೆ. ಸಮಿತಿಯವರು ನಿನಗೆ ಏನು ಹೇಳಿದ್ದಾರೆಂದು ಒಂದು ಸಾಲು ಬರೆದು ಅವನ ಕೈಗೆ ಕೊಡು.

ನಿನ್ನ
ಮುಸ್ಕಾನ್

ತಾ.ಕ.: ಪತ್ರ ಮಡಿಸುವ ಮೊದಲು ಗೋಡೆಯ ಹತ್ತಿರ ಹೋಗಿ ಚಿತ್ರವನ್ನು ಇನ್ನೊಮ್ಮೆ ನೋಡಿದೆ. ಮನೆಗಳಿಲ್ಲದ ಜಾಗದಲ್ಲಿ ಒಂದು ಬೇವಿನ ಮರವಿದೆ. ನಾವು ಜೋಕಾಲಿ ಕಟ್ಟುತ್ತಿದ್ದ ಟೊಂಗೆ ಎಡಕ್ಕೆ ಬಾಗಿದೆ. ನಮ್ಮ ಅಂಗಳದ ಮರವೇ ಅದು. ಬುಡದ ಸುತ್ತ ದುಂಡನೆಯ ಕಲ್ಲಿನ ಕಟ್ಟೆ ಬರೆದು, ಇಬ್ಬರನ್ನು ಕೂರಿಸಿದ್ದೀಯ. ನಮ್ಮ ಬೇವಿಗೆ ಕಟ್ಟೆಯಿಲ್ಲ. ನಾಲ್ಕೂ ಕಡೆ ಗೋಡೆ ಇರುವತನಕ ಅದರ ಬುಡ ಹೊರಗಿನವರಿಗೆ ಕಾಣುವುದೂ ಇಲ್ಲ. ಹಾಳೆಯಲ್ಲಿ ಜಾಗ ಸಾಲದವಳು ಕಟ್ಟೆ ಬರೆಯುವುದಿಲ್ಲ; ಮನೆಗಳು ಹೋಗುತ್ತವೆಂದು ಗೊತ್ತಿದ್ದವಳು ಬರೆಯುತ್ತಾಳೆ. ನಾನು ಕೇಳಿದ ಆ ಒಂದು ಸಾಲು ಇನ್ನು ಬೇಡ.

ಚಿತ್ರವನ್ನು ಈಗ ಅಬ್ಬಾಗೆ ತೋರಿಸಿದ್ದೇನೆ. ಉದ್ಘಾಟನೆಯವರೆಗೆ ಕಾಯುವುದಿಲ್ಲ. ಸಮಿತಿಯ ಸಭೆ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಕಲಾಭವನದಲ್ಲಿ. ಗೋಡೆಗೆ ಹಚ್ಚಿದ್ದನ್ನು ಬಿಡಿಸಿಕೊಂಡು ಇಬ್ಬರೂ ಬರುತ್ತೇವೆ.