ಪಟ್ಟಿಯಲ್ಲಿಲ್ಲದ ವಾಕ್ಯ

ಮಾರ್ಚ್ ೯, ಸೋಮವಾರ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕುಳಿತೆ, ಬೈದುಕೊ. ಇವತ್ತು ಮಧ್ಯಾಹ್ನ ನಾನು ನೋಡಿಕೊಳ್ಳುವ ಅಜ್ಜಿಯ ಮಂಚದ ಪಕ್ಕ ಕೂತಲ್ಲೇ ಕಣ್ಣು ಹತ್ತಿ ಕೆಟ್ಟ ಕನಸು ಬಿತ್ತು. ಬಾಗಿಲಿಗೆ ಜರ್ಮನ್‌ನಲ್ಲಿ ಏನನ್ನಬೇಕೋ ಮರೆತುಹೋಗಿದೆ, ಹೇಳುವ ತನಕ ಬಾಗಿಲು ತೆರೆಯುವುದಿಲ್ಲ. ಎಚ್ಚರವಾದ ಕೂಡಲೇ ಓಡಿಹೋಗಿ ಬಾಗಿಲಿಗೆ ಅಂಟಿಸಿದ ಚೀಟಿ ನೋಡಿದೆ: ಟ್ಯೂರ್.

ಕೆಲಸಕ್ಕೆ ಕಳಿಸಿದ ಏಜೆನ್ಸಿಯವರು ಕೊಟ್ಟ ಇಂಗ್ಲಿಷ್ ವಾಕ್ಯಗಳನ್ನು ನೀನು ಜರ್ಮನ್‌ಗೆ ತಿರುಗಿಸಿ ಕನ್ನಡ ಅಕ್ಷರದಲ್ಲಿ ಬರೆದು ಕಳಿಸಿದ್ದರಿಂದ, ಐದನೇ ಕ್ಲಾಸಿಗೇ ಪುಸ್ತಕ ಮುಚ್ಚಿದ ನಾನು ಜರ್ಮನಿಯ ಈ ಮನೆಯಲ್ಲಿ ಬದುಕಿದ್ದೇನೆ. ಲೋಟ, ದಿಂಬು, ಮಾತ್ರೆ ಡಬ್ಬಿ, ಎಲ್ಲದಕ್ಕೂ ಚೀಟಿ ಅಂಟಿಸಿದ್ದೇನೆ. ನೀರು ಬೇಕೆ, ಎಲ್ಲಿ ನೋವು, ನಿಧಾನ ಏಳಿ, ಎಲ್ಲ ಬಾಯಿಪಾಠ. ತಿಳಿಯದಿದ್ದಾಗ ನಕ್ಕು ‘ಯಾ, ಡಾಂಕೆ’ ಎನ್ನುತ್ತೇನೆ. ಹೌದು, ಧನ್ಯವಾದ ಎಂದವಳನ್ನು ಯಾರು ಬೈಯುತ್ತಾರೆ?

ಅದೇ ಕುತ್ತಿಗೆಗೆ ಬಂತು. ಹೋದ ವಾರ ಅಜ್ಜಿಯ ಸೊಸೆ ಕಾಗದ ಹಿಡಿದು ಬಂದು ಏನೋ ಕೇಳಿದಳು. ‘ಯಾ, ಡಾಂಕೆ’ ಎಂದು ರುಜು ಹಾಕಿದೆ. ಆಕೆ ನನ್ನನ್ನು ಅಪ್ಪಿಕೊಂಡೇ ಬಿಟ್ಟಳು. ಇಸ್ತ್ರಿ ಕೆಲಸಕ್ಕೆ ಬರುವವಳು ನಮ್ಮ ಭಾಷೆಯವಳೇ. ಅಲ್ಲೇ ಇದ್ದವಳು ಹಣೆ ಚಚ್ಚಿಕೊಂಡಳು.

“ಏನಕ್ಕ, ಕೋಲೆಬಸವನ ಹಾಗೆ ತಲೆ ಆಡಿಸ್ಬಿಟ್ಯಲ್ಲ! ಇನ್ನೂ ಎರಡು ವರ್ಷ ಇಲ್ಲೇ ಇರ್ತೀಯಾ ಅಂತ ಕೇಳಿದ್ದು ಅವರು.”

“ಅಯ್ಯೋ! ನನಗೆ ಅರ್ಥ ಆಗ್ಲಿಲ್ಲ ಅಂತ ನೀನೇ ಹೇಳಮ್ಮ.”

“ನಾನು ಬಾಯಿ ಹಾಕಿದ್ರೆ ನನ್ನ ಅನ್ನಕ್ಕೇ ಕಲ್ಲು. ನಿನ್ನ ನಾಲಿಗೆ ಹಾಕಿದ ಗಂಟು, ನೀನೇ ಬಿಚ್ಕೋ.”

ಜೂನ್‌ಗೆ ಬಂದು ಪುಟ್ಟಿಯನ್ನು ನಾನೇ ಶಾಲೆಗೆ ಸೇರಿಸುತ್ತೇನೆ, ಇನ್ನು ನಿನಗೆ ನನ್ನ ಮಗಳ ಹೊರೆ ಹೊರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಈ ಕಾಗದ ತಿಂಗಳ ಕೊನೆಗೆ ಕಚೇರಿ ಸೇರುತ್ತದಂತೆ. ಆಮೇಲೆ ಏನೂ ಮಾಡಲಾಗದಂತೆ. ನಿನ್ನ ಪಟ್ಟಿಯನ್ನು ಹಿಂದೆ ಮುಂದೆ ತಿರುವಿ ನೋಡಿದೆ. ಅದರಲ್ಲಿರುವುದೆಲ್ಲ ಅವರಿಗೇನು ಬೇಕೆಂದು ಕೇಳುವ ವಾಕ್ಯಗಳು. ನನಗೇನು ಬೇಕೆಂದು ಹೇಳುವುದು ಒಂದೂ ಇಲ್ಲ. ‘ಅರ್ಥವಾಗದೆ ಒಪ್ಪಿದೆ, ನಾನು ಮಗಳ ಹತ್ತಿರ ಹೋಗಬೇಕು.’ ಇಷ್ಟನ್ನು ತಡಮಾಡದೆ ಬರೆದು ಕಳಿಸು. ಮಾತು ಮೆತ್ತಗಿರಲಿ, ಅಜ್ಜಿಗೆ ನೋಯಬಾರದು.

ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಕ್ಕ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ಭಾನುವಾರ ಫೋನ್ ಎತ್ತಿದ ಪುಟ್ಟಿ, “ಅಮ್ಮ ಅಡುಗೆಮನೇಲಿದಾಳೆ, ಕರೀಲಾ ದೊಡ್ಡಮ್ಮ?” ಅಂದಳು. ಕರಿ ಎಂದೆ. ನೀನು ಬಂದೆ. ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ಲೈನ್ ಸರಿಯಿರಲಿಲ್ಲ, ಬೇರೆ ಯಾರೋ ಎಂದುಕೊಂಡಿರಬಹುದು. ಆವತ್ತು ಮಾತಾಡಿದ್ದು ಯಾರೆಂದು ಅವಳಿಗೆ ಗೊತ್ತಿತ್ತೇ, ಅದೊಂದನ್ನು ಒಮ್ಮೆ ಕೇಳಿ ನೋಡು.